ಬೇಸಿಗೆ ಸಂಗೀತ ಶಿಬಿರ ನಡೆಸುವವರಿಗೆ: ಒಂದು ಮಗುವಿನ ದಿನವನ್ನು ಕೂಡಿಸಿ ನೋಡಿ

ನಮಸ್ಕಾರ.

ಈ ಪತ್ರ ಯಾವುದೋ ಒಂದು ಶಿಬಿರದ ವಿಳಾಸಕ್ಕೆ ಬರೆದದ್ದಲ್ಲ. ಬೇಸಿಗೆ ರಜೆಯಲ್ಲಿ ನಾಲ್ಕೋ ಆರೋ ಎಂಟೋ ವಾರ ಮಕ್ಕಳನ್ನು ಒಂದೆಡೆ ಸೇರಿಸಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಸುತ್ತೀರಲ್ಲ, ನಿಮಗೆಲ್ಲರಿಗೂ ಬರೆದದ್ದು. ನಿರ್ದೇಶಕರಿಗೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಆರ್ಕೆಸ್ಟ್ರಾ ಮ್ಯಾನೇಜರ್ ಓದಬೇಕು. ಯಾರು ಯಾವ ಕ್ವಾರ್ಟೆಟ್‌ನಲ್ಲಿ (ನಾಲ್ಕು ಜನ ಕೂತು ನುಡಿಸುವ ಗುಂಪು) ಅಂತ ಬೋರ್ಡಿಗೆ ಚೀಟಿ ಅಂಟಿಸುವವರು ಓದಬೇಕು. ಅಭ್ಯಾಸದ ಕೋಣೆಗಳ ಬೀಗದ ಕೈ ಇಟ್ಟುಕೊಂಡವರು ಓದಬೇಕು. ರಾತ್ರಿ ಹನ್ನೊಂದಕ್ಕೂ ಜೆರಾಕ್ಸ್ ಮೆಷಿನ್ ಮುಂದೆ ನಿಂತು ನಾಳೆಯ ಪಾರ್ಟುಗಳನ್ನು, ಅಂದರೆ ಒಬ್ಬೊಬ್ಬ ವಾದಕರ ಪಾಲಿನ ಸ್ವರಲಿಪಿಯ ಹಾಳೆಗಳನ್ನು, ತೆಗೆಯುವ ಲೈಬ್ರರಿಯವರೂ ಓದಬೇಕು. ನಿಜ ಹೇಳಬೇಕೆಂದರೆ ಶಿಬಿರ ನಡೆಯುವುದೇ ಈ ಕೊನೆಯ ಮೂವರ ಹೆಗಲ ಮೇಲೆ.

ನಾನು ವಯೋಲ ಕಲಿಸುವವನು. ವಯೊಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು. ಪ್ರತಿ ಬೇಸಿಗೆ ಒಬ್ಬಿಬ್ಬರು ಶಿಷ್ಯರನ್ನು ನಿಮ್ಮಂಥವರ ಹತ್ತಿರ ಕಳಿಸುತ್ತೇನೆ. ಮುಂದೆಯೂ ಕಳಿಸುತ್ತೇನೆ. ಜಗಳ ಆಡಲು ಕೂತಿಲ್ಲ. ಒಂದು ಲೆಕ್ಕ ಒಪ್ಪಿಸಬೇಕಿದೆ, ಅಷ್ಟೆ.

ನನಗೆ ಹತ್ತೊಂಬತ್ತು ವರ್ಷವಿದ್ದಾಗ ಒಂದು ಶಿಬಿರಕ್ಕೆ ಆಯ್ಕೆಯಾದೆ. ಹೆಸರು ಬೇಡ. ಅಲ್ಲಿಗೆ ಹೋಗುವ ಮುಂಚೆ ದಿನಕ್ಕೆ ಮೂರು ಗಂಟೆ ನುಡಿಸುತ್ತಿದ್ದೆ. ಪರೀಕ್ಷೆ ಬಂದರೆ ಅದೂ ಇಲ್ಲ. ಶಿಬಿರದ ಮೊದಲ ದಿನವೇ ಟೈಮ್‌ಟೇಬಲ್ ಕೈಗೆ ಕೊಟ್ಟರು. ಬೆಳಗ್ಗೆ ಎರಡು ಗಂಟೆ ಸ್ವಂತ ಅಭ್ಯಾಸ, ಕಡ್ಡಾಯ. ಆಮೇಲೆ ಆರ್ಕೆಸ್ಟ್ರಾ ತಾಲೀಮು ಮೂರು ಗಂಟೆ. ಮಧ್ಯಾಹ್ನ ಕ್ವಾರ್ಟೆಟ್ ಎರಡು ಗಂಟೆ. ಸಂಜೆ ಗುರುಗಳ ಪಾಠ, ಇಲ್ಲವೇ ಎಲ್ಲರೆದುರು ನುಡಿಸಿ ತಿದ್ದಿಸಿಕೊಳ್ಳುವ ಮಾಸ್ಟರ್‌ಕ್ಲಾಸ್, ಒಂದು ಗಂಟೆ. ರಾತ್ರಿ ಊಟ ಮುಗಿದ ಮೇಲೆ 'ಸುಮ್ನೆ ಖುಷಿಗೆ' ಅಂತ ಎಲ್ಲರೂ ಕೂತು ಹೊಸ ಹೊಸ ಕೃತಿಗಳನ್ನು ನೋಡಿಕೊಂಡು ನುಡಿಸುವುದು, ಒಂದೂವರೆ ಗಂಟೆ.

ಕೂಡಿಸಿ. ಒಂಬತ್ತೂವರೆ ಗಂಟೆ.

ಆಗ ನಾನು ಕೂಡಿಸಲಿಲ್ಲ. ಯಾರು ಕೂಡಿಸುತ್ತಾರೆ ಹೇಳಿ? ಸ್ವರ್ಗಕ್ಕೆ ಬಂದು ಇಳಿದ ಹಾಗಿತ್ತು. ಅದುವರೆಗೆ ಕೋಣೆಯಲ್ಲಿ ಒಬ್ಬನೇ ಗೋಡೆ ನೋಡಿಕೊಂಡು ನುಡಿಸಿದವನು ನಾನು. ಇಲ್ಲಿ ಪಕ್ಕದಲ್ಲಿ, ಹಿಂದೆ, ಎದುರಿಗೆ, ಎಲ್ಲ ಕಡೆ ನನ್ನಂಥವರೇ. ನಮ್ಮ ಕ್ವಾರ್ಟೆಟ್‌ಗೆ ಚೆಕ್ ಸಂಯೋಜಕ ಡ್ವೊರಾಕ್‌ನ 'ಅಮೆರಿಕನ್' ಎಂಬ ಕೃತಿ ಕೊಟ್ಟಿದ್ದರು. ಅದು ಶುರುವಾಗುವುದೇ ವಯೋಲದಿಂದ. ಮೇಲೆ ವಯೊಲಿನ್‌ಗಳು ಮೆಲ್ಲಗೆ ಗುನುಗುತ್ತಿರುತ್ತವೆ, ನಡುವಿನಿಂದ ವಯೋಲ ಎದ್ದು ಹಾಡು ಹಿಡಿಯುತ್ತದೆ. ವಯೋಲದವರಿಗೆ ಇಂಥ ಅದೃಷ್ಟ ಜಾಸ್ತಿ ಸಿಗುವುದಿಲ್ಲ. ನಮ್ಮ ಪಾಲಿಗೆ ಯಾವಾಗಲೂ ನಡುವಿನ ಸ್ವರಗಳು, ಅಲ್ವಾ. ಹಾಗಾಗಿ ಆ ಎರಡು ಸಾಲನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನುಡಿಸಿದ್ದೇ ನುಡಿಸಿದ್ದು. (ಡ್ವೊರಾಕ್ ಅದನ್ನು 1893ರ ಬೇಸಿಗೆಯಲ್ಲಿ, ಅಯೋವಾದ ಸ್ಪಿಲ್‌ವಿಲ್ ಎಂಬ ಸಣ್ಣ ಊರಿಗೆ ರಜೆಗೆ ಹೋಗಿದ್ದಾಗ, ಎರಡು ವಾರ ಚಿಲ್ಲರೆಯಲ್ಲಿ ಬರೆದು ಮುಗಿಸಿದ. ನೆನಪಿರಲಿ, ರಜೆಯಲ್ಲಿದ್ದ.) ಆರ್ಕೆಸ್ಟ್ರಾದಲ್ಲಿ ಬ್ರೂಕ್ನರ್ ಎಂಬ ಸಂಯೋಜಕನ ಸಿಂಫನಿ. ಅದನ್ನು ನುಡಿಸಿದ ತಂತಿವಾದ್ಯದವರಿಗೆ ನಾನು ಏನೂ ಹೇಳಬೇಕಿಲ್ಲ. ಪುಟಗಟ್ಟಲೆ ಟ್ರೆಮೊಲೊ. ಕಮಾನನ್ನು ಒಂದೇ ಜಾಗದಲ್ಲಿ ಗಡಗಡ ನಡುಗಿಸುತ್ತಾ ಕೂರಬೇಕು. ಕೇಳುವವರಿಗೆ ಮಂಜಿನ ಹಾಗೆ ಕೇಳಿಸುತ್ತದೆ. ನುಡಿಸುವವರಿಗೆ ಮೊಣಕೈಯಿಂದ ಹೆಬ್ಬೆರಳಿನ ತನಕ ಉರಿ.

ಹನ್ನೊಂದನೆಯ ದಿನ ಅಭ್ಯಾಸದ ಕೋಣೆಯ ಬಾಗಿಲಿಗೆ ಬೀಗದ ಕೈ ಹಾಕಿದೆ. ತಿರುಗಿಸಲು ಆಗಲಿಲ್ಲ. ಬೀಗ ಸರಿಯಾಗಿಯೇ ಇತ್ತು. ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ಕೀಲಿಯನ್ನು ಹಿಡಿದುಕೊಂಡವು, ಮಣಿಕಟ್ಟು ಮಾತ್ರ ತಿರುಗಲಿಲ್ಲ. ಎಡಗೈಯಲ್ಲಿ ತೆಗೆದು ಒಳಗೆ ಹೋದೆ. ಹಿಂದಿನ ಎರಡು ದಿನವೂ ಹಾಗೇ ಮಾಡಿದ್ದೆ.

ಕಾರಿಡಾರಿನ ಕೊನೆಯಲ್ಲಿ ಕೀಲಿಗೊಂಚಲು ಇಟ್ಟುಕೊಂಡು ಕೂರುತ್ತಿದ್ದ ಒಬ್ಬ ಅಮ್ಮ ಇದ್ದರು. ರಾತ್ರಿ ಹತ್ತಾದರೆ ಝಣಝಣ ಅನ್ನಿಸಿಕೊಂಡು ಬಂದು ಎಲ್ಲರನ್ನೂ ಕೋಣೆಯಿಂದ ಹೊರಗೆ ಹಾಕುವುದು ಅವರ ಕೆಲಸ. ನಮಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವತ್ತು ಅವರು ಬಾಗಿಲಿಗೆ ಬಂದು ಕೇಳಿದರು: "ಎಷ್ಟು ದಿನದಿಂದ?" ನಾನು ಸುಳ್ಳು ಹೇಳಿದೆ: "ಇವತ್ತಿಂದ." ಅವರು ಹೇಳಿದರು: "ಮೊನ್ನೆಯೂ ಎಡಗೈಯಲ್ಲೇ ತೆಗೆದೆ."

ಅಷ್ಟು ದೊಡ್ಡ ಶಿಬಿರದಲ್ಲಿ, ಅಷ್ಟು ಹೆಸರಾಂತ ಮೇಷ್ಟ್ರುಗಳ ನಡುವೆ, ಇದನ್ನು ಗಮನಿಸಿದ್ದು ಅವರೊಬ್ಬರೇ. ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದರು.

ಮುಂದೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪತ್ರದ ವಿಷಯ ಇರುವುದೇ ಇಲ್ಲಿ. ಆರ್ಕೆಸ್ಟ್ರಾ ಮ್ಯಾನೇಜರ್ ಒಳ್ಳೆಯವರು. "ಪಾಪ, ಕ್ವಾರ್ಟೆಟ್ ತಾಲೀಮನ್ನು ಒಂದು ಗಂಟೆಗೆ ಇಳಿಸಲಿ" ಅಂದರು. ಕ್ವಾರ್ಟೆಟ್ ನೋಡಿಕೊಳ್ಳುವವರೂ ಒಳ್ಳೆಯವರೇ. "ನಮ್ಮದು ನಾಲ್ಕೇ ಜನ, ಒಬ್ಬ ಹೋದರೆ ಉಳಿದ ಮೂವರ ಕಛೇರಿಯೂ ಹೋಯಿತು. ಆರ್ಕೆಸ್ಟ್ರಾದಲ್ಲಿ ಹತ್ತು ವಯೋಲ ಇವೆ, ಅಲ್ಲಿ ಬಿಡಬಹುದಲ್ಲ" ಅಂದರು. ಗುರುಗಳಿಗೆ ಕೇಳಿದರೆ, ಸ್ವಂತ ಅಭ್ಯಾಸ ಬಿಟ್ಟರೆ ಕಲಿಯುವುದೇನು ಅಂತ ಅವರ ಮಾತು. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯೇ. ಮೂರು ಗಂಟೆ ಆರ್ಕೆಸ್ಟ್ರಾ ಜಾಸ್ತಿಯಲ್ಲ. ಎರಡು ಗಂಟೆ ಕ್ವಾರ್ಟೆಟ್ ಜಾಸ್ತಿಯಲ್ಲ. ಎರಡು ಗಂಟೆ ಅಭ್ಯಾಸ ಕಡಿಮೆಯೇ ಅನ್ನಬಹುದು.

ಶಿಬಿರದ ದೊಡ್ಡ ಪಟ್ಟಿಯನ್ನು ನೀವು ನೋಡಿರುತ್ತೀರಿ, ನೀವೇ ಮಾಡಿರುತ್ತೀರಿ. ಮೇಲಿನಿಂದ ಕೆಳಗೆ ಮಕ್ಕಳ ಹೆಸರು. ಎಡದಿಂದ ಬಲಕ್ಕೆ ಆರ್ಕೆಸ್ಟ್ರಾ, ಕ್ವಾರ್ಟೆಟ್, ಪಾಠ, ಅಭ್ಯಾಸ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾಲಂ ಹಿಡಿದು ಮೇಲಿನಿಂದ ಕೆಳಗೆ ಓದುತ್ತಾರೆ. ಒಂದು ಹೆಸರಿನ ಮೇಲೆ ಬೆರಳಿಟ್ಟು ಅಡ್ಡಕ್ಕೆ ಓದುವವರು ಯಾರೂ ಇಲ್ಲ. ಆ ಅಡ್ಡ ಸಾಲಿನಲ್ಲಿ ಇರುವುದು ಒಂದೇ ಕೈ.

ನಾನು ನೋವಿನ ಮಾತ್ರೆ ನುಂಗಿ ಕಛೇರಿ ನುಡಿಸಿದೆ. ಚಪ್ಪಾಳೆ ಬಂತು. ಆಮೇಲೆ ಏಳು ತಿಂಗಳು ವಾದ್ಯ ಮುಟ್ಟಲಿಲ್ಲ. ಪೆನ್ನು ಹಿಡಿಯುವುದೂ ಕಷ್ಟವಾಗಿ ಒಂದು ಪರೀಕ್ಷೆ ಬಿಟ್ಟೆ. ಈ ಭಾಗ ಇಷ್ಟು ಸಾಕು.

ಇದು ಒಬ್ಬನ ದುರದೃಷ್ಟ ಅಂತ ನೀವು ಅನ್ನಬಹುದು. ಹಾಗನ್ನದ ಹಾಗೆ ಮಾಡಿದ್ದು ಕೂಡ ಒಂದು ಬೇಸಿಗೆ ಶಿಬಿರವೇ, ಗೊತ್ತಾ? ಅಮೆರಿಕದ ಕೊಲೊರಾಡೊದಲ್ಲಿ ಆಸ್ಪೆನ್ ಸಂಗೀತ ಉತ್ಸವ ಮತ್ತು ಶಾಲೆ 1949ರಿಂದ ನಡೆಯುತ್ತಿದೆ. ಅಲ್ಲಿ ವೈದ್ಯೆಯಾಗಿದ್ದವರು ಆಲಿಸ್ ಬ್ರಾಂಡ್‌ಫಾನ್‌ಬ್ರೆನರ್. ಕೈ, ಭುಜ, ಕುತ್ತಿಗೆ ಹಿಡಿದುಕೊಂಡು ಬರುವ ವಾದಕರನ್ನು ಕಂಡು ಕಂಡು, 1983ರಲ್ಲಿ ಅದೇ ಆಸ್ಪೆನ್‌ನಲ್ಲಿ ಸಂಗೀತಗಾರರ ವೈದ್ಯಕೀಯ ತೊಂದರೆಗಳ ಬಗ್ಗೆ ಒಂದು ಸಮ್ಮೇಳನ ಸೇರಿಸಿದರು. 1986ರಲ್ಲಿ ಇದಕ್ಕೇ ಮೀಸಲಾದ ವೈದ್ಯಕೀಯ ಪತ್ರಿಕೆ ಶುರುವಾಯಿತು. ಇವತ್ತು ಕಲಾವಿದರ ವೈದ್ಯಶಾಸ್ತ್ರ ಅಂತ ಒಂದು ವಿಭಾಗವೇ ಇದೆ. ಅದರ ಬೇರು ಹುಡುಕಿಕೊಂಡು ಹೋದರೆ ನಿಮ್ಮಂಥವರ ಅಂಗಳಕ್ಕೇ ಬಂದು ನಿಲ್ಲುತ್ತೀರಿ.

ಅದೇ 1986ರಲ್ಲಿ ಅಮೆರಿಕದ ಆರ್ಕೆಸ್ಟ್ರಾ ವಾದಕರ ಒಕ್ಕೂಟ ತನ್ನ ಸದಸ್ಯರನ್ನು ಕೇಳಿತು. 2,212 ಜನ ಉತ್ತರ ಕೊಟ್ಟರು. ನುಡಿಸುವುದಕ್ಕೇ ಅಡ್ಡಿಯಾಗುವಂಥ ಒಂದಾದರೂ ಗಂಭೀರ ತೊಂದರೆ ಇದೆ ಅಂದವರು ನೂರಕ್ಕೆ 76. ಇವರು ಸಂಬಳ ತೆಗೆದುಕೊಳ್ಳುವವರು, ಪಳಗಿದವರು. ಮಕ್ಕಳ ಮಾತು ಬಿಡಿ.

ಇನ್ನೊಂದು ಹೋಲಿಕೆ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ವಾರಕ್ಕೆ ಎಂಟು 'ಸರ್ವಿಸ್' ಅನ್ನುವುದು ಸಾಮಾನ್ಯ ಕರಾರು. ತಾಲೀಮಾಗಲಿ, ಕಛೇರಿಯಾಗಲಿ, ಒಂದೊಂದು ಸುಮಾರು ಎರಡು, ಎರಡೂವರೆ ಗಂಟೆ. ಎಲ್ಲಾ ಸೇರಿ ವಾರಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಗಂಟೆ. ಸ್ವಂತ ಅಭ್ಯಾಸ ಬೇರೆ, ಒಪ್ಪಿದೆ. ತಾಲೀಮು ಸಮಯ ಮೀರಿದರೆ ಅವರಿಗೆ ಹೆಚ್ಚುವರಿ ಹಣ ಕೊಡಬೇಕು, ಹಾಗಾಗಿ ಗಡಿಯಾರ ನೋಡುವವರು ಒಬ್ಬರು ಇದ್ದೇ ಇರುತ್ತಾರೆ. ನಾನು ಹತ್ತೊಂಬತ್ತರಲ್ಲಿ ಸ್ವಂತ ಅಭ್ಯಾಸ ಬಿಟ್ಟೇ, ವಾರಕ್ಕೆ ಆರೇ ದಿನ ಅಂತ ಹಿಡಿದರೂ, ನಲವತ್ತೈದು ಗಂಟೆ ನುಡಿಸುತ್ತಿದ್ದೆ. ನಮ್ಮ ಗಡಿಯಾರ ನೋಡುವವರು ಯಾರೂ ಇರಲಿಲ್ಲ.

"ಕಷ್ಟಪಡದೆ ವಿದ್ಯೆ ಬರುತ್ತಾ?" ಬರುವುದಿಲ್ಲ. ನಾನೂ ನನ್ನ ಶಿಷ್ಯರಿಗೆ ಅದನ್ನೇ ಹೇಳುತ್ತೇನೆ. ಆದರೆ ಜಾಸ್ತಿ ನುಡಿಸುವುದು ಬೇರೆ, ಇದ್ದಕ್ಕಿದ್ದಂತೆ ಜಾಸ್ತಿ ನುಡಿಸುವುದು ಬೇರೆ. ಸ್ನಾಯು ಬೇಗ ಒಗ್ಗಿಕೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ನರದಂಥ ಪಟ್ಟಿ ಇದೆಯಲ್ಲ, ಸ್ನಾಯುರಜ್ಜು, ಅದಕ್ಕೆ ರಕ್ತ ಹೋಗುವುದೇ ಕಡಿಮೆ, ಒಗ್ಗಿಕೊಳ್ಳುವುದೂ ನಿಧಾನ. ಹಾಗಾಗಿ ಮೊದಲ ವಾರ ಹುಡುಗರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಎರಡನೆಯ ವಾರ ಹಿಡಿದುಕೊಳ್ಳುತ್ತದೆ. ಹೊಸದಾಗಿ ಜಾಸ್ತಿ ಹೊತ್ತು ನುಡಿಸಲು ಶುರು ಮಾಡಿದಾಗ, ಹೊಸ ವಾದ್ಯ ಹಿಡಿದಾಗ, ಕಷ್ಟದ ಹೊಸ ಕೃತಿಗೆ ಕೂತಾಗ, ಈ ಮೂರು ಸಂದರ್ಭದಲ್ಲಿ ಜಾಗ್ರತೆ ಅಂತ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಬೇಸಿಗೆ ಶಿಬಿರದಲ್ಲಿ ಮೊದಲನೆಯದು ಮತ್ತು ಮೂರನೆಯದು ಒಟ್ಟಿಗೇ ಬರುತ್ತವೆ. ದೊಡ್ಡ ಅಳತೆಯ ವಯೋಲವನ್ನು ಶಿಬಿರದಲ್ಲೇ ಕೊಟ್ಟರೆ ಎರಡನೆಯದೂ ಬಂತು.

ನೋವಿದ್ದರೆ ಬಂದು ಹೇಳಲಿ ಅನ್ನುತ್ತೀರಿ. ಹೇಳುವುದಿಲ್ಲ. ನಾನು ಹೇಳಿದೆನಾ? ಮುಂದಿನ ವರ್ಷದ ಸೀಟು, ಸ್ಕಾಲರ್‌ಶಿಪ್, ಗುರುಗಳ ಶಿಫಾರಸು ಪತ್ರ, ಎಲ್ಲ ಆ ಕೈಯಲ್ಲೇ ನೇತಾಡುತ್ತಿರುತ್ತವೆ. ಮಿಷಿಗನ್‌ನ ಇಂಟರ್‌ಲಾಕನ್ ಶಿಬಿರ 1928ರಷ್ಟು ಹಳೆಯದು. ಅಲ್ಲಿ ಹಲವು ದಶಕ 'ಚಾಲೆಂಜ್' ಅಂತ ಒಂದು ಪದ್ಧತಿ ಇತ್ತು. ವಾರಕ್ಕೊಮ್ಮೆ ಹಿಂದಿನ ಕುರ್ಚಿಯವರು ಮುಂದಿನ ಕುರ್ಚಿಯವರಿಗೆ ಸವಾಲು ಹಾಕಿ ಅದೇ ಸಾಲನ್ನು ನುಡಿಸುವುದು. ಉಳಿದ ಮಕ್ಕಳು ಕಣ್ಣು ಮುಚ್ಚಿ ಕೈ ಎತ್ತಿ ತೀರ್ಪು ಕೊಡುವುದು. ಗೆದ್ದವರಿಗೆ ಮುಂದಿನ ಕುರ್ಚಿ. ಇದರಿಂದ ಗಟ್ಟಿಯಾದೆವು ಅನ್ನುವವರೂ ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶುಕ್ರವಾರ ಕುರ್ಚಿ ಹೋಗುತ್ತದೆ ಅಂತ ಗೊತ್ತಿದ್ದರೆ ಗುರುವಾರ ಯಾವ ಮಗು ಬಂದು ಮಣಿಕಟ್ಟು ನೋಯುತ್ತಿದೆ ಅನ್ನುತ್ತದೆ? ಪದ್ಧತಿಯ ಹೆಸರು ಬೇರೆ ಇರಬಹುದು. ಆ ಗುರುವಾರ ಎಲ್ಲ ಶಿಬಿರಗಳಲ್ಲೂ ಇದೆ.

ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಕಥೆ ನಿಮಗೆ ಗೊತ್ತೇ ಇರುತ್ತದೆ. ಮೂವತ್ತಾರನೆಯ ವಯಸ್ಸಿನಲ್ಲಿ, 1964ರಲ್ಲಿ, ಬಲಗೈಯ ಕೊನೆಯ ಎರಡು ಬೆರಳು ತಾವಾಗಿಯೇ ಒಳಗೆ ಮಡಚಿಕೊಳ್ಳಲು ಶುರುವಾದವು. ಆಗ ಅವರು ಪಿಯಾನೊ ಜಗತ್ತಿನ ಉತ್ತುಂಗದಲ್ಲಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಬಹುಪಾಲು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ನಿರ್ದೇಶನ ಮಾಡಿದರು, ಪಾಠ ಹೇಳಿದರು. ಅದು ಡಿಸ್ಟೋನಿಯ, ಸ್ನಾಯುಗಳು ಹೇಳಿದ ಮಾತು ಕೇಳದೆ ತಾವಾಗಿಯೇ ಬಿಗಿದುಕೊಳ್ಳುವ ಕಾಯಿಲೆ, ನನ್ನ ನೋವಿನಂಥದ್ದಲ್ಲ, ಎರಡನ್ನೂ ಬೆರೆಸಬಾರದು. ಅವರನ್ನು ಇಲ್ಲಿ ಕರೆತಂದದ್ದು ಬೇರೆ ಕಾರಣಕ್ಕೆ. 1986ರಿಂದ 1997ರ ತನಕ ಟ್ಯಾಂಗಲ್‌ವುಡ್ ಸಂಗೀತ ಕೇಂದ್ರದ ಕಲಾ ನಿರ್ದೇಶಕರಾಗಿದ್ದವರು ಅವರೇ. ಕೈ ಕೈಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿದ್ದ ಒಬ್ಬರು ಜಗತ್ತಿನ ಅತಿ ದೊಡ್ಡ ಬೇಸಿಗೆ ಶಾಲೆಯೊಂದರ ತಲೆಯಲ್ಲಿ ಕೂತಿದ್ದರು. ಇಂಥವರು ಪ್ರತಿ ಶಿಬಿರಕ್ಕೂ ಸಿಗುವುದಿಲ್ಲ ನಿಜ. ಹುಡುಕಿದರೆ ನಿಮ್ಮ ಅಧ್ಯಾಪಕರಲ್ಲೇ ಮೂರೋ ನಾಲ್ಕೋ ಜನ ತೋಳು ಸುಟ್ಟುಕೊಂಡವರು ಇರುತ್ತಾರೆ. ಅವರನ್ನು ಮೊದಲ ದಿನ ಮಕ್ಕಳ ಮುಂದೆ ನಿಲ್ಲಿಸಿ, ಹತ್ತು ನಿಮಿಷ ಮಾತಾಡಿಸಿ. ಸ್ವಾಗತ ಭಾಷಣಕ್ಕಿಂತ ಅದು ಉಪಯೋಗ.

ಏನು ಮಾಡಬೇಕು ಅಂತ ಕೇಳಿದರೆ, ನನ್ನ ಆಸೆ ಚಿಕ್ಕದು. ಅಡ್ಡ ಸಾಲು ಓದಲು ಒಬ್ಬರನ್ನು ನೇಮಿಸಿ. ಹೊಸ ಸಂಬಳ ಬೇಡ, ಇರುವವರಲ್ಲೇ ಒಬ್ಬರು. ಪ್ರತಿ ಮಗುವಿನ ಹೆಸರಿನ ಮುಂದೆ ದಿನದ ಒಟ್ಟು ಗಂಟೆ ಬರೆಯಲಿ. ತಾಲೀಮೂ ನುಡಿಸುವುದೇ, ಮಾಸ್ಟರ್‌ಕ್ಲಾಸೂ ನುಡಿಸುವುದೇ, ರಾತ್ರಿಯ ಖುಷಿಯೂ ನುಡಿಸುವುದೇ. ಆ ಮಗು ಶಿಬಿರಕ್ಕೆ ಬರುವ ಮುಂಚೆ ಎಷ್ಟು ನುಡಿಸುತ್ತಿತ್ತು ಅನ್ನುವುದು ಪಕ್ಕದಲ್ಲಿರಲಿ. ಎರಡು ಅಂಕಿ ಅಕ್ಕಪಕ್ಕ ಬಂದರೆ ಉಳಿದದ್ದು ನಿಮಗೇ ಹೊಳೆಯುತ್ತದೆ. ಆ ಒಬ್ಬರಿಗೆ ಒಂದು ಅಧಿಕಾರ ಮಾತ್ರ ಕೊಡಿ, ಯಾವ ಕಾಲಂನಿಂದ ಬೇಕಾದರೂ ಗಂಟೆ ಕಿತ್ತುಹಾಕುವ ಅಧಿಕಾರ. ನಮ್ಮ ಕೀಲಿಯ ಅಮ್ಮನಿಗೆ ಕಣ್ಣಿತ್ತು, ಆ ಅಧಿಕಾರ ಇರಲಿಲ್ಲ.

ಮೊದಲ ವಾರ ಅರ್ಧ ಹೊರೆ ಇರಲಿ. ಆ ವಾರ ಪೂರ್ತಿ ತಾಲೀಮು ಇಲ್ಲದಿದ್ದರೆ ಕಛೇರಿ ಹೇಗೆ ಅಂತೀರಾ? ಪಾರ್ಟುಗಳನ್ನು ಒಂದು ತಿಂಗಳು ಮುಂಚೆ ಕಳಿಸಿ. ಮೊದಲ ದಿನ ಬೆಳಗ್ಗೆ ಕೈಗೆ ಕೊಟ್ಟು ಸಂಜೆಗೆ ತಯಾರಿರಿ ಅಂದರೆ ರಾತ್ರಿ ಸ್ನಾನದ ಮನೆಯಲ್ಲಿ ಕೂತು ನುಡಿಸದೆ ಇನ್ನೇನು ಮಾಡುತ್ತಾರೆ? ವಯೊಲಿನ್ ಗುರು ಇವಾನ್ ಗಲಾಮಿಯನ್ 1944ರಲ್ಲಿ ಕಟ್ಟಿದ ಮೆಡೊಮೌಂಟ್ ಶಾಲೆ ಶಿಸ್ತಿಗೆ ಹೆಸರಾದದ್ದು. ಕಾರಿಡಾರಿನಲ್ಲಿ ಓಡಾಡಿ ಬಾಗಿಲಿಗೆ ಕಿವಿಕೊಟ್ಟು ಒಳಗೆ ನುಡಿಸುತ್ತಿದ್ದಾರೋ ಇಲ್ಲವೋ ನೋಡುವವರಿದ್ದರು. ಆದರೆ ಅದೇ ಗಲಾಮಿಯನ್ ಲೆಕ್ಕದಲ್ಲಿ ಗಂಟೆ ಅಂದರೆ ಐವತ್ತು ನಿಮಿಷ ಅಭ್ಯಾಸ, ಹತ್ತು ನಿಮಿಷ ಬಿಡುವು. ನಮ್ಮ ಶಿಬಿರಗಳು ಅವರ ಕಿವಿಯನ್ನು ಇಟ್ಟುಕೊಂಡವು, ಹತ್ತು ನಿಮಿಷವನ್ನು ಮರೆತವು.

ವರ್ಮಾಂಟ್‌ನ ಮಾರ್ಲ್‌ಬರೋ ಬೇರೆಯದೇ ದಾರಿ ಹಿಡಿಯಿತು. 1951ರಲ್ಲಿ ಪಿಯಾನೊ ವಾದಕ ರುಡಾಲ್ಫ್ ಸೆರ್ಕಿನ್, ವಯೊಲಿನ್ ವಾದಕ ಆಡಾಲ್ಫ್ ಬುಶ್ ಮತ್ತು ಗೆಳೆಯರು ಶುರು ಮಾಡಿದ ಬೇಸಿಗೆ ಸಂಗೀತ ಕೂಟ ಅದು. ಅಲ್ಲಿ ಮೊದಲು ತಾಲೀಮು, ಆಮೇಲೆ ಕಛೇರಿಯ ಮಾತು. ಯಾವ ಗುಂಪು ಏನು ನುಡಿಸುತ್ತದೆ ಅಂತ ಕಛೇರಿಗೆ ಒಂದು ವಾರ ಇರುವಾಗ ಗೊತ್ತಾಗುತ್ತದೆ. ವಾರಗಟ್ಟಲೆ ತಾಲೀಮು ಮಾಡಿದ್ದರಲ್ಲಿ ಬಹುಪಾಲು ವೇದಿಕೆಗೆ ಬರುವುದೇ ಇಲ್ಲ. ಅಲ್ಲಿಗೆ ಹೋಗುವವರು ಆಗಲೇ ಪಳಗಿದ ವಾದಕರು, ಮಕ್ಕಳಲ್ಲ, ಅದು ನನಗೂ ಗೊತ್ತು. ಪೋಷಕರು ಹಣ ಕಟ್ಟಿರುತ್ತಾರೆ, ಕೊನೆಯ ದಿನ ಮಗನನ್ನು ವೇದಿಕೆ ಮೇಲೆ ನೋಡಬೇಕು, ಅದೂ ಗೊತ್ತು. ಆದರೂ ನಾಲ್ಕು ಕಛೇರಿಯಲ್ಲಿ ಒಂದನ್ನು ಬಿಡಬಹುದಲ್ಲ? ಅಥವಾ ಒಬ್ಬರು ಹಿಂದೆ ಸರಿದರೆ ಅವರ ಜಾಗದಲ್ಲಿ ಅಧ್ಯಾಪಕರೊಬ್ಬರು ಕೂತು ನುಡಿಸಲಿ. ಆಗ ಆ ಮಗುವಿನ ತಲೆಯ ಮೇಲೆ ಉಳಿದ ಮೂವರ ಭಾರ ಇರುವುದಿಲ್ಲ. ಅವತ್ತು ಆಫೀಸಿನಲ್ಲಿ ಯಾರಾದರೂ "ನಾನು ವಯೋಲ ಹಿಡಿಯುತ್ತೇನೆ, ನೀನು ಪಕ್ಕದಲ್ಲಿ ಕೂತು ಪುಟ ತಿರುಗಿಸು" ಅಂದಿದ್ದರೆ ನಾನು ಅತ್ತೇ ಬಿಡುತ್ತಿದ್ದೆ. ಆದರೆ ಒಪ್ಪುತ್ತಿದ್ದೆ.

ಇನ್ನು ಆ ಮಡಚುವ ಕುರ್ಚಿಗಳು. ಹಿಂದಕ್ಕೆ ಜಾರುವ ಸೀಟಿನ ಮೇಲೆ ಚೆಲ್ಲೊದವರನ್ನು ಮೂರು ಗಂಟೆ ಕೂರಿಸುತ್ತೀರಲ್ಲ, ಅದರ ಬಗ್ಗೆ ಇನ್ನೊಂದು ಪತ್ರ ಬರೆಯಬಹುದು. ಸದ್ಯಕ್ಕೆ ಬೇಡ.

ಈ ವರ್ಷ ನನ್ನ ಒಬ್ಬ ಶಿಷ್ಯೆ ಹೊರಟಿದ್ದಾಳೆ. ಹದಿನಾರು ವರ್ಷ. ಒಳ್ಳೆಯ ಕೈ, ಹಠ ಜಾಸ್ತಿ. ನೋವಾದರೆ ಹೇಳುವ ಪೈಕಿಯಲ್ಲ. ಕಳೆದ ವಾರ ಇಬ್ಬರೂ ಕೂತು ನಿಮ್ಮಲ್ಲೊಬ್ಬರ ಅರ್ಜಿ ತುಂಬಿದೆವು. ಟೀ ಶರ್ಟ್ ಅಳತೆ ಕೇಳಿದ್ದೀರಿ. ಕೋಣೆಯಲ್ಲಿ ಜೊತೆಗೆ ಯಾರು ಬೇಕು ಅಂತ ಕೇಳಿದ್ದೀರಿ. ಕಲಿತ ಕೃತಿಗಳ ಪಟ್ಟಿ, ಗೆದ್ದ ಸ್ಪರ್ಧೆಗಳ ಪಟ್ಟಿ, ಕಪ್ಪು ಉಡುಪು ಇದೆಯಾ, ಈಜು ಬರುತ್ತಾ, ಎಲ್ಲ ಇದೆ. ದಿನಕ್ಕೆ ಎಷ್ಟು ಗಂಟೆ ನುಡಿಸುತ್ತೀಯ ಅನ್ನುವ ಪ್ರಶ್ನೆ ಮಾತ್ರ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆವು. ಕೊನೆಗೆ 'ಅಲರ್ಜಿ ಇದ್ದರೆ ತಿಳಿಸಿ' ಅನ್ನುವ ಜಾಗದಲ್ಲಿ ಬರೆಸಿದೆ: "ದಿನಕ್ಕೆ ಎರಡೂವರೆ ಗಂಟೆ." ಅವಳು ನಕ್ಕಳು. ಆಫೀಸಿನಲ್ಲಿ ಅದನ್ನು ಓದಿದವರು ತಪ್ಪಾಗಿ ತುಂಬಿದ್ದಾರೆ ಅಂತ ಅಳಿಸಿಬಿಡಬೇಡಿ.

ಇಂತಿ,
ಒಬ್ಬ ವಯೋಲ ಮೇಷ್ಟ್ರು